ಸೊಸೆ ಕಡೆಯ ಹಿರಿಯರು 1788ರ ಹಡಗಲ್ಲಿ ಸಿಡ್ನಿಗೆ ಬಂದವರಂತೆ, ಮೈಸೂರಲ್ಲಿ ಕೂತು ಪತ್ತೆ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿ ಆಯ್ತು, ಮೊಮ್ಮಗಳಿಗೋಸ್ಕರ ಅವಳ ಅಮ್ಮನ ಕಡೆ ವಂಶವನ್ನೂ ಬರೆದಿಡಬೇಕು ಅಂತ ಎಷ್ಟು ಜನ ಅಜ್ಜಿಯರಿಗೆ ಅನ್ಸತ್ತೆ ಹೇಳಿ. ನೀವು ಕೇಳಿರೋದು ಎರಡು. ಸೊಸೆಯ ತವರುಮನೇಲಿ "ನಮ್ಮೋರು ಫಸ್ಟ್ ಫ್ಲೀಟಲ್ಲಿ ಬಂದೋರು", ಅಂದ್ರೆ 1788ರಲ್ಲಿ ಇಂಗ್ಲೆಂಡಿಂದ ಕೈದಿಗಳನ್ನ ಹೊತ್ತು ಬಂದ ಮೊದಲ ಹಡಗುಗಳಲ್ಲಿ ಬಂದೋರು ಅಂತ ಒಂದು ಮಾತಿದೆ, ಅದು ನಿಜಾನಾ ಅಂತ ಮೈಸೂರಿಂದಾನೇ ಹುಡುಕೋಕೆ ಆಗತ್ತಾ ಅನ್ನೋದು ಒಂದು, ಆ ಹಿರಿಯರು ಕೈದಿ ಅಂತ ಗೊತ್ತಾದ್ರೆ ಬೀಗರ ಹತ್ರ ಆ ವಿಷಯ ಎತ್ತೋದು ಹೇಗೆ ಅನ್ನೋದು ಇನ್ನೊಂದು. ನಾನೂ ಮೈಸೂರು ಕಡೆಯವಳೇ, ಮದುವೆಯಾಗಿ ಸಿಡ್ನಿ ಪಶ್ಚಿಮದ ಕಡೆ ಬಂದು ಸೇರಿದೋಳು, ನಮ್ಮ ಯಜಮಾನ್ರ ಮನೇಲೂ ಇಂಥದ್ದೇ ಒಂದು ಮಾತಿತ್ತು, ಅದರ ಬೆನ್ನು ಹತ್ತಿ ಹೋಗಿ ಈ ಕೆಲಸ ಕಲ್ತೆ.

ಎರಡನೇದಕ್ಕೆ ಮೊದಲು ಹೇಳ್ತೀನಿ, ಸಂಕೋಚ ಪಡಬೇಡಿ. ಒಂದು ಕಾಲದಲ್ಲಿ ಇಲ್ಲಿನ ಮನೆಗಳಲ್ಲಿ ಇದನ್ನ ಮುಚ್ಚಿಡ್ತಿದ್ರು, ತಾತ ಕೈದಿ ಅಂತ ಮಕ್ಕಳಿಗೆ ಹೇಳದೇನೇ ಸತ್ತವರು ಬಹಳ ಜನ, ಆದ್ರೆ ಈಗ ಕಾಲ ಪೂರ್ತಿ ತಿರುಗಿದೆ. 1968ರಿಂದ ಫೆಲೋಶಿಪ್ ಆಫ್ ಫಸ್ಟ್ ಫ್ಲೀಟರ್ಸ್ ಅಂತ ಒಂದು ಸಂಘವೇ ಇದೆ, ಆ ಹಡಗುಗಳಲ್ಲಿ ಬಂದವರ ವಂಶದವರು ಅಂತ ದಾಖಲೆ ತೋರಿಸಿ ಅದಕ್ಕೆ ಮೆಂಬರ್ ಆಗ್ತಾರೆ. ಇನ್ನೊಂದು ವಿಷಯ, ಹುಡುಕೋರಿಗೆ ಹಿರಿಯರು ಕೈದಿ ಆಗಿದ್ರೇನೇ ಅನುಕೂಲ. ಸ್ವಂತ ದುಡ್ಡಲ್ಲಿ ಟಿಕೆಟ್ ತಗೊಂಡು ಬಂದ ಬಡ ರೈತನ ಬಗ್ಗೆ ಸರ್ಕಾರಕ್ಕೆ ಬರೆದಿಡೋ ಅಗತ್ಯಾನೇ ಇರ್ಲಿಲ್ಲ, ಕೈದಿ ಬಗ್ಗೆ ಹೆಜ್ಜೆಹೆಜ್ಜೆಗೂ ಬರೀತಿದ್ರು. ನಮ್ಮ ಕಡೆ ಹೆಳವರು ಊರೂರಿಗೆ ಬಂದು ಮನೆತನದ ವಂಶಾವಳಿ ಹೇಳ್ತಿದ್ರಲ್ಲ, ಇಲ್ಲಿ ಆ ಕೆಲಸವನ್ನ ಜೈಲು, ಹಡಗು, ಕಚೇರಿಗಳ ಗುಮಾಸ್ತರು ಅವರಿಗೇ ಗೊತ್ತಿಲ್ಲದ ಹಾಗೆ ಮಾಡಿಟ್ಟಿದ್ದಾರೆ.

ಈಗ ಹುಡುಕೋ ದಾರಿ. ಎಲ್ರೂ ಮಾಡೋದು ಏನಂದ್ರೆ ಸೀದಾ 1788ಕ್ಕೆ ಹೋಗಿ ಹಡಗಿನ ಪಟ್ಟೀಲಿ ನಮ್ಮ ಮನೆ ಸರ್‌ನೇಮ್ ಇದ್ಯಾ ಅಂತ ನೋಡೋದು, ಇದ್ರೆ ಸರಿ ಇವರೇ ನಮ್ಮ ಮೂಲಪುರುಷ ಅಂತ ಅಲ್ಲಿಂದ ಕೆಳಗೆ ಗೆರೆ ಎಳ್ಕೊಂಡು ಬರೋದು. ದಯವಿಟ್ಟು ಹಾಗೆ ಮಾಡಬೇಡಿ. ಮೊಮ್ಮಗಳಿಂದ ಶುರು ಮಾಡಿ, ಅವಳಿಂದ ಅಮ್ಮ, ಅಮ್ಮನಿಂದ ಅಜ್ಜಿ, ಹೀಗೆ ಒಂದೊಂದೇ ತಲೆಮಾರು ಮೇಲೆ ಹತ್ತಿ, ಪ್ರತಿ ತಲೆಮಾರಿಗೂ ಇವಳು ಇಂಥವರ ಮಗಳು ಅಂತ ಹೇಳೋ ಒಂದು ಕಾಗದ ಕೈಯಲ್ಲಿರ್ಬೇಕು, ಕಾಗದ ಇಲ್ಲದ ಕಡೆ ನಿಲ್ಲಿ, ಊಹೆ ಮಾಡಿ ಮುಂದಕ್ಕೆ ದಾಟಬೇಡಿ. ಲೆಕ್ಕ ನೋಡಿ, 1788 ಜನವರೀಲಿ ಬಂದಿದ್ದು 11 ಹಡಗು, ಅದ್ರಲ್ಲಿ ಇಳಿದ ಕೈದಿಗಳು ಏಳುನೂರು ಚಿಲ್ಲರೆ, ಆದ್ರೆ 1868ರ ತನಕ ಇಡೀ ಆಸ್ಟ್ರೇಲಿಯಾಕ್ಕೆ ಗಡೀಪಾರಾಗಿ ಬಂದವರು ಸುಮಾರು 1,62,000. ಹಾಗಾಗಿ ಮನೇಲಿ ಫಸ್ಟ್ ಫ್ಲೀಟ್ ಅಂತ ಹೇಳೋ ಕತೆ ಹುಡುಕ್ತಾ ಹೋದ್ರೆ 1810ರದ್ದೋ 1830ರದ್ದೋ ಹಡಗಾಗಿರೋ ಸಾಧ್ಯತೆ ಜಾಸ್ತಿ, ಅದಕ್ಕೆ ಬೇಜಾರು ಮಾಡ್ಕೋಬೇಡಿ, ಆ ಕತೇಲೂ ಅಷ್ಟೇ ತೂಕ ಇರತ್ತೆ.

ಸಿಡ್ನಿ ಇರೋ ರಾಜ್ಯ ನ್ಯೂ ಸೌತ್ ವೇಲ್ಸ್, ಅಲ್ಲಿನ ಸರ್ಕಾರದ ಜನನ ಮರಣ ವಿವಾಹ ನೋಂದಣಿ ಕಚೇರಿ ವೆಬ್‌ಸೈಟಲ್ಲಿ ಹಳೇ ಇಂಡೆಕ್ಸ್ ಫ್ರೀಯಾಗಿ ನೋಡಬಹುದು. ಜನನ ಆಗಿ 100 ವರ್ಷ, ಮದುವೆ ಆಗಿ 50 ವರ್ಷ, ಮರಣ ಆಗಿ 30 ವರ್ಷ ಕಳೆದಿದ್ರೆ ಮಾತ್ರ ಅಲ್ಲಿ ಸಿಗತ್ತೆ. ಅದಕ್ಕಿಂತ ಈಚಿನದ್ದಕ್ಕೆ ಮನೆಯವರೇ ಅರ್ಜಿ ಹಾಕ್ಬೇಕು, ಅದನ್ನ ಸೊಸೆಗೆ ಬಿಡಿ. ಇಂಡೆಕ್ಸಲ್ಲಿ ಬರೀ ಹೆಸರು, ವರ್ಷ, ನಂಬರು ಇರತ್ತೆ, ಸರ್ಟಿಫಿಕೇಟಿಗೆ ದುಡ್ಡು ಕೊಡ್ಬೇಕು. ಯಾವುದಾದ್ರೂ ಒಂದೇ ತರಿಸೋಕಾಗೋದು ಅಂದ್ರೆ ನಾನು ಮರಣದ ಸರ್ಟಿಫಿಕೇಟ್ ತರಿಸಿ ಅಂತೀನಿ, 1856 ಮಾರ್ಚ್ 1ರಿಂದ ಇಲ್ಲಿ ಸರ್ಕಾರಿ ನೋಂದಣಿ ಶುರುವಾಯ್ತು, ಆಗಿನ ಮರಣದ ಕಾಗದದಲ್ಲಿ ಸತ್ತವರ ಅಪ್ಪ ಅಮ್ಮನ ಹೆಸರು, ಹುಟ್ಟಿದ ಊರು, ಎಲ್ಲಿ ಯಾರನ್ನ ಮದುವೆಯಾಗಿದ್ರು, ಮಕ್ಕಳ ಹೆಸರು ವಯಸ್ಸು, ಜೊತೆಗೆ ಈ ಕಾಲೊನಿಗೆ ಬಂದು ಎಷ್ಟು ವರ್ಷ ಆಗಿತ್ತು ಅನ್ನೋದೂ ಇರತ್ತೆ. ಸತ್ತ ವರ್ಷದಿಂದ ಅಷ್ಟು ವರ್ಷ ಕಳೆದುಬಿಟ್ರೆ ಹಡಗು ಬಂದ ವರ್ಷದ ಸುಳಿವು ಸಿಕ್ಕಿದ ಹಾಗೇ. ಆದ್ರೆ ಆ ವಿವರ ಕೊಟ್ಟೋರು ಯಾರು ಅಂತಲೂ ಅದ್ರಲ್ಲೇ ಬರೆದಿರತ್ತೆ, ಅದನ್ನ ನೋಡಿ, ಹೆಂಡತಿ ಹೇಳಿದ್ದಕ್ಕೂ ಪಕ್ಕದ ಮನೆಯವ್ರು ಹೇಳಿದ್ದಕ್ಕೂ ವ್ಯತ್ಯಾಸ ಇರತ್ತೆ.

1856ಕ್ಕಿಂತ ಹಿಂದೆ ಹೋದ್ರೆ ಚರ್ಚ್ ಪುಸ್ತಕಗಳೇ ಗತಿ, ದೀಕ್ಷಾಸ್ನಾನ, ಮದುವೆ, ಸಮಾಧಿ, ಇವಿಷ್ಟೇ, ಇವೂ ಅದೇ ಇಂಡೆಕ್ಸಲ್ಲಿ ಸೇರಿವೆ, ಆದ್ರೆ ವಿವರ ತೀರಾ ಕಮ್ಮಿ. ಇಲ್ಲೇ ತುಂಬಾ ಜನ ಸಿಕ್ಕಿಹಾಕ್ಕೊಳ್ಳೋದು. ಅದಕ್ಕೆ ಎರಡನೇ ಕೈ ಬೇಕು, ಅದು ಮಸ್ಟರ್ ಪಟ್ಟಿ ಮತ್ತು 1828ರ ಸೆನ್ಸಸ್. ಮಸ್ಟರ್ ಅಂದ್ರೆ ಎಲ್ಲರನ್ನೂ ಕರೆಸಿ ತಲೆ ಎಣಿಸೋದು, 1806, 1811, 1814, 1822 ಹೀಗೆ ಮಾಡಿದಾರೆ. 1828 ನವೆಂಬರಿನದ್ದು ಮೊದಲನೇ ಸರಿಯಾದ ಜನಗಣತಿ, ಸುಮಾರು 36,000 ಜನರ ಹೆಸರು, ವಯಸ್ಸು, ಯಾವ ಹಡಗು, ಯಾವ ವರ್ಷ, ಶಿಕ್ಷೆ ಎಷ್ಟು, ಧರ್ಮ, ಕಸುಬು, ಜಮೀನೆಷ್ಟು, ದನಕುರಿ ಎಷ್ಟು, ಎಲ್ಲ ಇದೆ. ನನಗಂತೂ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಪ್ರೀತಿಯ ದಾಖಲೆ ಇನ್ನೊಂದಿಲ್ಲ. ಅದ್ರಲ್ಲಿ ಸಿಎಫ್ ಅಂದ್ರೆ ಸ್ವತಂತ್ರವಾಗಿ ಬಂದವರು, ಬಿಸಿ ಅಂದ್ರೆ ಇಲ್ಲೇ ಹುಟ್ಟಿದವರು, ಎಫ್‌ಎಸ್ ಅಂದ್ರೆ ಶಿಕ್ಷೆ ಮುಗಿಸಿ ಬಿಡುಗಡೆ ಆದವರು, ಟಿಎಲ್ ಅಂದ್ರೆ ಟಿಕೆಟ್ ಆಫ್ ಲೀವ್ ಅನ್ನೋ ಪರವಾನಗಿ ಸಿಕ್ಕಿ ಸ್ವಂತ ದುಡ್ಕೊಂಡು ತಿನ್ನೋಕೆ ಬಿಟ್ಟವರು. ಆಮೇಲಿನ ಸೆನ್ಸಸ್ ಹೆಚ್ಚಿನವು ಯಾಕಿಲ್ಲ ಅಂತ ಕೇಳ್ತೀರಿ, 1881ರ ಹಾಳೆಗಳು 1882ರಲ್ಲಿ ಸಿಡ್ನಿಯ ಗಾರ್ಡನ್ ಪ್ಯಾಲೇಸ್ ಕಟ್ಟಡಕ್ಕೆ ಬಿದ್ದ ಬೆಂಕೀಲಿ ಸುಟ್ಟುಹೋದ್ವು, ಇತ್ತೀಚಿನವನ್ನಂತೂ ಲೆಕ್ಕ ತೆಗೆದ ಮೇಲೆ ಸರ್ಕಾರದವ್ರೇ ನಾಶ ಮಾಡ್ತಿದ್ರು.

ಹೆಣ್ಣುಮಕ್ಕಳ ದಾರಿ ಹಿಡಿದು ಹೋಗ್ತಿರೋದ್ರಿಂದ ಒಂದು ಎಚ್ಚರಿಕೆ. ಆ ಕಾಲದಲ್ಲಿ ಚರ್ಚಲ್ಲಿ ಮದುವೆ ಆಗದೇ ಸಂಸಾರ ಮಾಡ್ತಿದ್ದ ಜೋಡಿಗಳು ಬಹಳ, ಅವರ ಮಕ್ಕಳು ಒಂದ್ಸಲ ಅಮ್ಮನ ಹೆಸರಲ್ಲಿ ಒಂದ್ಸಲ ಅಪ್ಪನ ಹೆಸರಲ್ಲಿ ಸಿಗ್ತಾರೆ. 1806ರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್ಡೆನ್ ಹೆಂಗಸರ ಒಂದು ಪಟ್ಟಿ ಮಾಡಿದ, ತನ್ನ ಆಂಗ್ಲಿಕನ್ ಚರ್ಚಿನ ವಿಧಿ ಪ್ರಕಾರ ಮದುವೆ ಆಗಿರದಿದ್ರೆ ಎಷ್ಟೇ ವರ್ಷ ಸಂಸಾರ ಮಾಡಿದ್ರೂ ಇಟ್ಟುಕೊಂಡವಳು ಅಂತಲೇ ಬರೆದ, ಕ್ಯಾಥೊಲಿಕರ ಮದುವೆಗಳನ್ನೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಆ ಪಟ್ಟೀಲಿ ಸೊಸೆಯ ಹಿರಿಯಜ್ಜಿ ಹೆಸರು ಸಿಕ್ಕಿದ್ರೆ ಆ ಮಾತನ್ನ ಹಾಗೇ ನಂಬಿ ಬೀಗರ ಮುಂದೆ ಓದಬೇಡಿ, ಬರೆದವನು ಯಾರು ಅನ್ನೋದನ್ನೂ ಸೇರಿಸಿ ಹೇಳಿ.

ಹೆಸರಿನ ಸ್ಪೆಲ್ಲಿಂಗ್ ಬಗ್ಗೆ ಹೇಳೋಕೆ ಹೆನ್ರಿ ಕೇಬಲ್ ಕತೆ ಹೇಳ್ತೀನಿ, ಎಲ್ಲ ದಾಖಲೇಲಿರೋದು, ಫಸ್ಟ್ ಫ್ಲೀಟ್ ಅಂದ್ರೆ ನನಗೆ ಮೊದಲು ನೆನಪಾಗೋದೇ ಈ ಸಂಸಾರ. ಇಂಗ್ಲೆಂಡಿನ ಸಫೋಕ್ ಕಡೆಯವನು, 1783ರಲ್ಲಿ ಕಳ್ಳತನಕ್ಕೆ ಗಲ್ಲು ಶಿಕ್ಷೆ ಆಗಿ ಆಮೇಲೆ ಗಡೀಪಾರಿಗೆ ಇಳೀತು, ಅವನಪ್ಪನನ್ನ ಅದೇ ಕೇಸಲ್ಲಿ ಗಲ್ಲಿಗೇರಿಸಿಬಿಟ್ರು. ನಾರಿಚ್ ಕೋಟೆಯ ಜೈಲಲ್ಲಿ ಸುಸಾನಾ ಹೋಮ್ಸ್ ಅನ್ನೋಳ ಜೊತೆ ಸಂಬಂಧ ಆಗಿ ಜೈಲಲ್ಲೇ ಮಗು ಹುಟ್ತು. ಹಡಗು ಹತ್ತಿಸೋವಾಗ ತಾಯೀನ ಮಾತ್ರ ತಗೋತೀವಿ ಕೈಗೂಸು ಬೇಡ ಅಂದ್ರು, ಆಗ ಜೈಲಿನ ಕಾವಲುಗಾರ ಜಾನ್ ಸಿಂಪ್ಸನ್ ಆ ಮಗೂನ ಎತ್ಕೊಂಡು ಲಂಡನ್ನಿಗೆ ಹೋಗಿ ಮಂತ್ರಿ ಲಾರ್ಡ್ ಸಿಡ್ನಿ ಹತ್ರ ಕೇಳ್ಕೊಂಡು ಮೂರೂ ಜನ ಒಟ್ಟಿಗೆ ಹೋಗೋಕೆ ಅಪ್ಪಣೆ ತಂದ. ಸಿಡ್ನೀಲಿ 1788 ಫೆಬ್ರವರಿ 10ಕ್ಕೆ ನಡೆದ ಮೊಟ್ಟಮೊದಲ ಮದುವೆಗಳಲ್ಲಿ ಇವರದ್ದೂ ಒಂದು. ಅದೇ ವರ್ಷ ಇವರ ಸಾಮಾನಿನ ಗಂಟು ಹಡಗಲ್ಲಿ ಕಾಣೆ ಆಗಿದ್ದಕ್ಕೆ ಗಂಡ ಹೆಂಡತಿ ಕ್ಯಾಪ್ಟನ್ ಮೇಲೇ ದಾವೆ ಹಾಕಿ 15 ಪೌಂಡ್ ಗೆದ್ರು, ಆ ಕಾಲೊನಿಯ ಮೊದಲ ಸಿವಿಲ್ ಕೇಸ್ ಅದು, ಇಂಗ್ಲೆಂಡಲ್ಲಿ ಆಗಿದ್ರೆ ಇಂಥ ಶಿಕ್ಷೆಯಾದ ಕೈದಿಗೆ ಕೋರ್ಟಿನ ಬಾಗಿಲೇ ತೆರೀತಿರ್ಲಿಲ್ಲ. ಈಗ ಇವನನ್ನ ದಾಖಲೇಲಿ ಹುಡುಕೋಕೆ ಹೋದ್ರೆ ಕೇಬಲ್ ಅನ್ನೋದಕ್ಕೆ ಕೆ ಅಕ್ಷರದ್ದು ಒಂದು, ಸಿ ಅಕ್ಷರದ್ದು ಒಂದು, ಕೀಬಲ್, ಕ್ಯಾಬೆಲ್, ಹೀಗೆ ನಾನಾ ರೂಪ. ಬರೆಯೋರು ಕಿವಿಗೆ ಕೇಳಿದ ಹಾಗೆ ಬರೀತಿದ್ರು, ಹೇಳೋರಿಗೆ ಅಕ್ಷರ ಬರ್ತಿರ್ಲಿಲ್ಲ. ನೀವೂ ಸೊಸೆ ಮನೆಯ ಸರ್‌ನೇಮನ್ನ ಜೋರಾಗಿ ಹೇಳಿ ಎಷ್ಟು ಥರ ಬರೀಬಹುದೋ ಅಷ್ಟನ್ನೂ ಹಾಕಿ ಹುಡುಕಿ.

ಹಡಗಿನ ಹೆಸರು ಸಿಕ್ಕಿತು ಅಂದ್ಕೊಳ್ಳಿ, ಆಗ ಕನ್ವಿಕ್ಟ್ ಇಂಡೆಂಟ್ ಅನ್ನೋ, ಹಡಗಲ್ಲಿ ಬಂದ ಕೈದಿಗಳ ಪಟ್ಟಿಗೆ ಹೋಗಿ, ರಾಜ್ಯದ ಆರ್ಕೈವ್ಸ್‌ನಲ್ಲಿದೆ, ಇಂಡೆಕ್ಸ್ ಆನ್‌ಲೈನ್ ಇದೆ. ಮೊದಲ ವರ್ಷಗಳದ್ದು ಬರೀ ಹೆಸರು, ವಿಚಾರಣೆ ಎಲ್ಲಿ ಯಾವಾಗ, ಶಿಕ್ಷೆ ಎಷ್ಟು ಅಷ್ಟೇ. ಅದೂ ಫಸ್ಟ್ ಫ್ಲೀಟಿನವರ ಎಷ್ಟೋ ಕಾಗದ ಇಂಗ್ಲೆಂಡಲ್ಲೇ ಉಳಿದುಬಿಟ್ಟು ಗವರ್ನರ್ ಆರ್ಥರ್ ಫಿಲಿಪ್ಪಿಗೆ ಯಾರ ಶಿಕ್ಷೆ ಯಾವಾಗ ಮುಗಿಯತ್ತೆ ಅಂತಲೇ ಗೊತ್ತಿರ್ಲಿಲ್ಲ. 1820ರ ದಶಕದ ಕೊನೆ ಆದ್ಮೇಲೆ ಬಂದವರಾದ್ರೆ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಗುರುತು, ತೋಳಿನ ಹಚ್ಚೆ ಕೂಡ ಬರೆದಿರ್ತಾರೆ. ಯಜಮಾನ್ರ ಹಿರಿಯರ ತೋಳಲ್ಲಿ ಇದ್ದ ಹಚ್ಚೆ ಅಕ್ಷರಗಳನ್ನ ಅಲ್ಲಿ ಓದಿದಾಗ, ಫೋಟೋನೇ ಇಲ್ಲದ ಒಬ್ಬ ಮನುಷ್ಯ ಕಣ್ಣಿಗೆ ಕಟ್ಟಿದ ಹಾಗಾಯ್ತು ನನಗೆ. ವಿಚಾರಣೆ ಲಂಡನ್ನಲ್ಲಿ ಆಗಿದ್ರೆ ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರ ತನಕದ ವರದಿ ಪೂರ್ತಿ ಫ್ರೀಯಾಗಿದೆ, ಸಾಕ್ಷಿಗಳ ಮಾತು ಸಮೇತ ಓದಬಹುದು. ಬೇರೆ ಜಿಲ್ಲೆ ಆದ್ರೆ ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸ್ ಕಡೆ ಹೋಗ್ಬೇಕಾಗತ್ತೆ. ಹಳೇ ನ್ಯೂಸ್‌ಪೇಪರಿಗೆ ಟ್ರೋವ್ ಅಂತ ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟ್, ಅದೂ ಫ್ರೀ, 1803ರ ಸಿಡ್ನಿ ಗೆಜೆಟ್‌ನಿಂದ ಹಿಡಿದು ಇದೆ, ಮೈಸೂರಿಂದ ಅರಾಮಾಗಿ ಓದಬಹುದು.

ಹಿರಿಯರು ಕೈದಿ ಆಗಿರದೆ ಸಿಪಾಯಿ ಆಗಿದ್ರೆ ಅಂತೂ ನಿಮಗೆ ಮನೆ ಹತ್ರಾನೇ ಒಂದು ಎಳೆ ಸಿಗಬಹುದು. 1810ರಿಂದ ಇಲ್ಲಿ ಗವರ್ನರ್ ಆಗಿದ್ದ ಲಾಕ್ಲನ್ ಮಕ್ವಾರಿ, ಸಿಡ್ನೀಲಿ ಎಲ್ಲಿ ತಿರುಗಿದ್ರೂ ಅವನ ಹೆಸರೇ ಕಾಣತ್ತೆ, ಅವನು 1792ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣದ ಮುತ್ತಿಗೇಲಿದ್ದೋನು. ಅವನ ಜೊತೆ ಸಿಡ್ನಿಗೆ ಬಂದ 73ನೇ ರೆಜಿಮೆಂಟು ಕೂಡ 1799ರಲ್ಲಿ ಟಿಪ್ಪು ಕೋಟೆಗೆ ನುಗ್ಗಿದ ಪಡೆಗಳಲ್ಲಿ ಒಂದು. ಆ ರೆಜಿಮೆಂಟು 1814ರಲ್ಲಿ ಸಿಲೋನಿಗೆ ಹೋಯ್ತು. ಅದರ ಸಂಬಳದ ಪಟ್ಟಿಗಳು ಕ್ಯೂನಲ್ಲೇ ಇವೆ, ಮೂರು ಮೂರು ತಿಂಗಳ ಲೆಕ್ಕ ಇರೋದ್ರಿಂದ ಒಬ್ಬ ಸಿಪಾಯಿ ಊರಿಂದ ಊರಿಗೆ ಹೋದದ್ದನ್ನ ಹಿಡೀಬಹುದು.

ಇನ್ನು ಜಮೀನಿನ ವಿಷಯ, ಇದನ್ನ ದಯವಿಟ್ಟು ಬಿಡಬೇಡಿ. ಶಿಕ್ಷೆ ಮುಗಿದ ಕೈದಿಗೆ 30 ಎಕರೆ, ಹೆಂಡತಿ ಇದ್ರೆ ಇನ್ನೂ 20, ಮಗುವಿಗೆ 10ರಂತೆ ಕೊಡ್ತಿದ್ರು, ಈ ಗ್ರಾಂಟ್ ಪುಸ್ತಕಗಳೂ ಇವೆ, ನಕ್ಷೆ ಇಟ್ಕೊಂಡು ನೋಡಿದ್ರೆ ಆ ಜಾಗ ಇವತ್ತು ಎಲ್ಲಿದೆ ಅಂತ ಹೇಳಬಹುದು. ಆ ಥರ ಮೊದಲು ಜಮೀನು ಪಡೆದ ಕೈದಿ ಜೇಮ್ಸ್ ರೂಸ್, ಅವನ ಹೊಲ ಇದ್ದದ್ದು ಈಗ ಇಂಡಿಯಾದವರೇ ತುಂಬ್ಕೊಂಡು ದೋಸೆ ಹೋಟೆಲ್ ಸಾಲಾಗಿರೋ ಹ್ಯಾರಿಸ್ ಪಾರ್ಕಲ್ಲಿ. ಮಗನ ಮನೆಗೆ ಬಂದಾಗ ಹೋಗಿ ನೋಡಿ, ಎಕ್ಸ್‌ಪೆರಿಮೆಂಟ್ ಫಾರ್ಮ್ ಅಂತ ಬೋರ್ಡಿದೆ. ಆದ್ರೆ ಆ ಎಕರೆಗಳು ಖಾಲಿ ಬಿದ್ದಿದ್ದಲ್ಲ, ಅಲ್ಲಿನ ಮೂಲನಿವಾಸಿಗಳಾದ ಡರಗ್ ಜನರ ನೆಲ ಅದು, ಹಾಕ್ಸ್‌ಬರಿ ನದಿ ದಂಡೆಗೆ 1794ರಲ್ಲಿ ರೈತರು ಇಳಿದ ಮೇಲೆ ಅಲ್ಲಿ ವರ್ಷಗಟ್ಟಲೆ ರಕ್ತ ಹರೀತು, 1816ರಲ್ಲಿ ಆ್ಯಪಿನ್ ಅನ್ನೋ ಕಡೆ ಮಕ್ವಾರಿ ಕಳಿಸಿದ ಸೈನಿಕರು ಹೆಂಗಸರು ಮಕ್ಕಳನ್ನೂ ಸೇರಿಸಿ ಮೂಲನಿವಾಸಿಗಳನ್ನ ಕೊಂದರು. ನಾನು ನಮ್ಮ ಮಕ್ಕಳಿಗೆ ಮಾಡಿದ ವಂಶವೃಕ್ಷದಲ್ಲಿ ಜಮೀನು ಸಿಕ್ಕಿದ ವರ್ಷದ ಪಕ್ಕದಲ್ಲೇ ಅದು ಯಾರ ನೆಲ ಅಂತಲೂ ಬರೆದಿದ್ದೀನಿ, ಅದಿಲ್ಲದೆ ಆ ಸಾಲು ಪೂರ್ತಿ ಅನ್ನಿಸಲಿಲ್ಲ. ಮತ್ತೆ ನಿಮ್ಮ ಸೊಸೆಯ ವಂಶದಲ್ಲೇ ಆ ಜನ ಇರಬಹುದು, 1824ರಲ್ಲಿ ಪಾರಮಟ್ಟಾದ ಸೇಂಟ್ ಜಾನ್ಸ್ ಚರ್ಚಲ್ಲಿ ಡರಗ್ ಹೆಣ್ಣುಮಗಳು ಮರಿಯಾ ರಾಬರ್ಟ್ ಲಾಕ್ ಅನ್ನೋ ಕೈದೀನ ಮದುವೆಯಾದಳು, ಅವರ ಸಂತತಿ ಇವತ್ತು ಬಹಳ ದೊಡ್ಡದು.

ಡಿಎನ್‌ಎ ಟೆಸ್ಟ್ ಬಗ್ಗೆಯೂ ಒಂದು ಮಾತು. ಐದಾರು ತಲೆಮಾರಿನ ತನಕ ದೂರದ ಅಣ್ಣತಮ್ಮಂದಿರನ್ನ ಹುಡುಕೋಕೆ ಒಳ್ಳೇದು, 1788 ಅಂದ್ರೆ ಅದಕ್ಕೂ ಹಿಂದೆ ಹೋಗತ್ತೆ, ಕಾಗದ ಇಲ್ಲದೆ ಅದೊಂದನ್ನೇ ನಂಬೋಕಾಗಲ್ಲ. ಬೇರೆಯವರು ಆನ್‌ಲೈನಲ್ಲಿ ಹಾಕಿರೋ ವಂಶವೃಕ್ಷಗಳನ್ನ ಸುಳಿವಿಗೆ ಮಾತ್ರ ನೋಡಿ, ಒಬ್ಬರದ್ದನ್ನ ನೋಡಿ ಇನ್ನೊಬ್ಬರು ಇಳಿಸ್ಕೊಂಡಿರ್ತಾರೆ, ತಾಯಿಗಿಂತ ಮಗ ಮೊದಲು ಹುಟ್ಟಿರೋ ಮರಗಳೂ ಇವೆ.

ಈಗ ಮೊದಲು ಮಾಡ್ಬೇಕಾದ್ದು, ಸೊಸೆಯ ಅಜ್ಜಿ ಇದ್ದಾರೆ ಅಂದ್ರಲ್ಲ, ಮುಂದಿನ ವೀಡಿಯೋ ಕಾಲ್‌ನಲ್ಲಿ ಅವರನ್ನ ಕೂರಿಸಿ ಅವರಜ್ಜಿ ಹೆಸರು, ಊರು, ಯಾವ ಚರ್ಚಿಗೆ ಹೋಗ್ತಿದ್ರು, ಯಾವ ಸ್ಮಶಾನದಲ್ಲಿ ಸಮಾಧಿ ಇದೆ ಅಂತ ಕೇಳಿ, ಅವರ ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡ್ಕೊಳ್ಳಿ. ಮನೇಲಿ ಹಳೇ ಬೈಬಲ್ ಇದ್ರೆ ಮೊದಲ ಹಾಳೆಗಳ ಫೋಟೋ ತೆಗೆದು ಕಳಿಸೋಕೆ ಹೇಳಿ, ಹುಟ್ಟು ಸಾವಿನ ತಾರೀಕು ಅಲ್ಲೇ ಬರೆದಿಡೋ ರೂಢಿ ಇತ್ತು. ಮೊದಲ ಮರಣದ ಸರ್ಟಿಫಿಕೇಟ್ ಕೈಗೆ ಬಂದ್ಮೇಲೆ ಇಲ್ಲೇ ಕೆಳಗೆ ಬರೀರಿ, ಬದುಕಿರೋರ ಹೆಸರು ಹಾಕ್ಬೇಡಿ, ಸತ್ತ ವರ್ಷ, ಊರು, ಕಾಲೊನಿಗೆ ಬಂದು ಎಷ್ಟು ವರ್ಷ ಅಂತ ಬರೆದಿದ್ದಾರೆ ಅನ್ನೋದು ಸಾಕು, ಅಲ್ಲಿಂದ ಮುಂದೆ ಯಾವ ಹಡಗಿನ ಪಟ್ಟಿ ತೆಗೀಬೇಕು ಅಂತ ನಾನು ಹೇಳ್ತೀನಿ.