ಸತ್ತವರ ಲೆಕ್ಕ ಹೇಗೆ, ನಿಂತ ಮಗ್ಗದ ಲೆಕ್ಕ ಎಲ್ಲಿ?

ಈ ವಾರದ ಪ್ರಶ್ನೆಗಳೆಲ್ಲ ಕೋವಿಡ್ ಕಾಲದ ಸಾವು ಮತ್ತು ನಷ್ಟದ ಲೆಕ್ಕಾಚಾರದ ಬಗ್ಗೆ ಬಂದಿವೆ. ಉತ್ತರಿಸಿದವರು ಸಮುದಾಯ ಆರೋಗ್ಯ ತಜ್ಞರು.

ಪ್ರಶ್ನೆ: ಎರಡನೇ ಅಲೆಯೊಳಗ ನಮ್ಮೂರಾಗ ಭಾಳ ಮಂದಿ ಹೋದ್ರು. ಟೆಸ್ಟ್ ಮಾಡಿಸಿದವ್ರು ಬೆರಳೆಣಿಕಿ ಅಷ್ಟ. ನಮ್ಮ ಕಾಕಾ ಮಿರಜದ ದವಾಖಾನಿಯೊಳಗ ತೀರಿಕೊಂಡ್ರು. ಇವರೆಲ್ಲ ಸರ್ಕಾರದ ಲೆಕ್ಕದಾಗ ಅದಾರೇನ್ರಿ? ವಿಶ್ವ ಆರೋಗ್ಯ ಸಂಸ್ಥೆ 47 ಲಕ್ಷ ಅಂತದ, ಸರ್ಕಾರ ಐದು ಲಕ್ಷದೊಳಗ ಅಂತದ. ಖರೆ ಯಾವುದು?
– ಓದುಗರು, ರಾಯಬಾಗ ತಾಲ್ಲೂಕು

ಉತ್ತರ: ಇವೆರಡೂ ಬೇರೆ ಬೇರೆ ಪ್ರಶ್ನೆಗೆ ಸಿಕ್ಕ ಉತ್ತರಗಳು. ಸರ್ಕಾರ ಎಣಿಸಿದ್ದು ಕೋವಿಡ್ ಎಂದು ಟೆಸ್ಟ್‌ನಲ್ಲೋ ಆಸ್ಪತ್ರೆಯ ಕಾಗದದಲ್ಲೋ ದಾಖಲಾಗಿ ಸತ್ತವರನ್ನು. 2021ರ ಕೊನೆಗೆ ಆ ಸಂಖ್ಯೆ ಸುಮಾರು 4.8 ಲಕ್ಷ. ಟೆಸ್ಟೇ ಆಗದೆ ಮನೆಯಲ್ಲಿ ದಮ್ಮು ಹತ್ತಿ ಹೋದವರು ಅದರಲ್ಲಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳಿದ್ದು ಇನ್ನೊಂದು ಪ್ರಶ್ನೆ: 2020 ಮತ್ತು 2021 ಎಲ್ಲ ವರ್ಷಗಳಂತೆಯೇ ಕಳೆದಿದ್ದರೆ ಎಷ್ಟು ಜನ ಸಾಯುತ್ತಿದ್ದರು, ನಿಜವಾಗಿ ಸತ್ತವರೆಷ್ಟು? ಇವುಗಳ ವ್ಯತ್ಯಾಸಕ್ಕೆ ಹೆಚ್ಚುವರಿ ಸಾವು ಎನ್ನುತ್ತಾರೆ. ಇಡೀ ಜಗತ್ತಿಗೆ ಅದು ಸುಮಾರು 1.49 ಕೋಟಿ ಎಂದು 2022ರ ಮೇನಲ್ಲಿ ಸಂಸ್ಥೆ ಅಂದಾಜು ಮಾಡಿತು. ಭಾರತದ ಪಾಲು 47 ಲಕ್ಷ. ಆ ಲೆಕ್ಕದ ವಿಧಾನವನ್ನೇ ನಮ್ಮ ಸರ್ಕಾರ ಒಪ್ಪಲಿಲ್ಲ.

ಹೆಚ್ಚುವರಿ ಸಾವಿನಲ್ಲಿ ವೈರಸ್‌ನಿಂದ ಸತ್ತವರಷ್ಟೇ ಇರುವುದಿಲ್ಲ. ಬೆಡ್ ಸಿಗದೆ ಹೋದ ಹೃದಯ ರೋಗಿ, ಡಯಾಲಿಸಿಸ್ ತಪ್ಪಿದವರು ಎಲ್ಲ ಸೇರುತ್ತಾರೆ. ಆ ವರ್ಷ ಆಗದೆ ತಪ್ಪಿದ ಸಾವುಗಳು ಈ ಮೊತ್ತದಿಂದ ತಾವಾಗಿ ವಜಾ ಆಗುತ್ತವೆ. ದೇಶದ ರಸ್ತೆಗಳಲ್ಲಿ 2019ರಲ್ಲಿ ಸುಮಾರು 1.51 ಲಕ್ಷ ಜನ ಸತ್ತಿದ್ದರು, 2020ರಲ್ಲಿ 1.32 ಲಕ್ಷ. ಗಾಡಿಗಳು ಮನೆ ಮುಂದೆ ನಿಂತಿದ್ದರಿಂದ ಉಳಿದ ಜೀವಗಳವು.

ನಿಮ್ಮೂರಿಗೇ ಇದನ್ನು ಹಚ್ಚಿ ನೋಡೋಣ. ಕರ್ನಾಟಕದಲ್ಲಿ ಸಾಧಾರಣ ವರ್ಷ ಸಾವಿರ ಜನರಿಗೆ ಆರು ಸಾವು ಅಂತ ಹಿಡಿಯಿರಿ. ಐದು ಸಾವಿರ ಜನಸಂಖ್ಯೆಯ ಊರಾದರೆ ವರ್ಷಕ್ಕೆ ಮೂವತ್ತು, ಅಂದರೆ ತಿಂಗಳಿಗೆ ಎರಡೋ ಮೂರೋ. 2021ರ ಮೇ ಒಂದರಲ್ಲೇ ಹತ್ತು ಹೆಸರು ಸಿಕ್ಕರೆ ಏಳೆಂಟು ಹೆಚ್ಚುವರಿ. ಯಾರಿಗೆ ಟೆಸ್ಟ್ ಆಗಿತ್ತು, ಯಾರಿಗೆ ಆಗಿರಲಿಲ್ಲ ಎಂದು ಕೇಳಬೇಕಾಗಿಯೇ ಇಲ್ಲ. ಒಂದೇ ಊರಿನ ಲೆಕ್ಕ ಮಾತ್ರ ಕುಣಿದಾಡುತ್ತದೆ, ಯಾವ ರೋಗವೂ ಇಲ್ಲದೆ ಒಂದು ತಿಂಗಳು ಐದು ಸಾವಾಗಬಹುದು. ಹಾಗಾಗಿ ಹತ್ತಾರು ಊರು ಸೇರಿಸಿ, 2019ಕ್ಕೆ ಮುಂಚಿನ ನಾಲ್ಕೈದು ವರ್ಷಗಳ ಅದೇ ತಿಂಗಳುಗಳ ಸರಾಸರಿ ಪಕ್ಕಕ್ಕಿಟ್ಟು ನೋಡಬೇಕು. ಒಂದೇ ವರ್ಷಕ್ಕೆ ಹೋಲಿಸಿದರೆ ಮೋಸ ಹೋಗುತ್ತೀರಿ.

ಇನ್ನು ಕಾಕಾ ಅವರ ವಿಷಯ. ನಮ್ಮ ಕಾನೂನಿನಲ್ಲಿ ಸಾವು ನೋಂದಣಿಯಾಗುವುದು ಅದು ನಡೆದ ಜಾಗದಲ್ಲಿ. ಮಿರಜದಲ್ಲಿ ತೀರಿಕೊಂಡವರ ಹೆಸರು ಬೆಳಗಾವಿ ಜಿಲ್ಲೆಯ ರಿಜಿಸ್ಟರಿನಲ್ಲಿ ಇರುವುದಿಲ್ಲ, ಸಾಂಗಲಿ ಜಿಲ್ಲೆಯದರಲ್ಲಿ ಇರುತ್ತದೆ. ರಾಯಬಾಗ, ಅಥಣಿಯವರು ಮಿರಜಕ್ಕೆ, ಇಂಡಿಯವರು ಸೊಲ್ಲಾಪುರಕ್ಕೆ ಓಡುವುದು ಇಂದಿನದಲ್ಲ. ಸಂಕಟ ಹೆಚ್ಚಿದಷ್ಟೂ ಗಡಿ ದಾಟಿ ಹೋಗುವವರು ಹೆಚ್ಚು, ಹೋದಷ್ಟೂ ನಮ್ಮ ಜಿಲ್ಲೆಯ ಅಂಕಿ ಹಗುರ. ಸತ್ತವರು ಎಲ್ಲಿಯವರು ಎಂಬ ಕಾಲಂ ನೋಂದಣಿ ಫಾರಂನಲ್ಲಿ ಇದೆ. ಅದನ್ನು ಹಿಡಿದು ಊರುವಾರು ಬೇರ್ಪಡಿಸಿದರೆ ಲೆಕ್ಕ ಸರಿಹೋಗುತ್ತದೆ. ಹಾಗೆ ಬೇರ್ಪಡಿಸದೆ ‘ನಮ್ಮ ಜಿಲ್ಲೆಯಲ್ಲಿ ಅಷ್ಟೇನೂ ಆಗಲಿಲ್ಲ’ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಮನೆಯಲ್ಲಿ ಆದ ಸಾವಿನದು ಇನ್ನೊಂದು ತೊಡಕು. ಸಾವನ್ನು ಬರೆಸಲೇಬೇಕು ಎಂದು 1969ರ ಕಾಯ್ದೆಯೇ ಹೇಳುತ್ತದೆ, ಅದಕ್ಕೆ 21 ದಿನದ ಗಡುವು ನಿಯಮಗಳಲ್ಲಿದೆ. ಆದರೆ ಹಳ್ಳಿಯಲ್ಲಿ ಜನ ತಲಾಠಿ (ಗ್ರಾಮ ಲೆಕ್ಕಿಗ) ಹತ್ತಿರ ಹೋಗುವುದು ಹೊಲದ ಉತಾರದಲ್ಲಿ (ಪಹಣಿ) ಹೆಸರು ಬದಲಿಸುವಾಗ, ಇಲ್ಲವೇ ವಿಮೆಯ ದುಡ್ಡು ಬರಬೇಕಾದಾಗ. ಹೆಸರಿನಲ್ಲಿ ಹೊಲವಿಲ್ಲದ ಮುದುಕಿ ಸತ್ತರೆ ಯಾರು ಓಡಾಡುತ್ತಾರೆ? ಬರೆಸಿದರೂ ಕಾರಣ ಗೊತ್ತಾಗುವುದು ಅಪರೂಪ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸಿದ್ದು ಶೇ 22.5 ಮಾತ್ರ.

ನೋಂದಣಿಯ ಅಂಕಿಗಳು ಕಡೆಗೂ ಹೊರಬಂದಿವೆ. 2019ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವು ಸುಮಾರು 76 ಲಕ್ಷ, 2020ರಲ್ಲಿ 81 ಲಕ್ಷ, 2021ರಲ್ಲಿ 1.02 ಕೋಟಿ. ಒಂದೇ ವರ್ಷದಲ್ಲಿ 21 ಲಕ್ಷ ಏರಿಕೆ. ಆ ವರ್ಷ ಕೋವಿಡ್ ಹೆಸರಿನಲ್ಲಿ ಘೋಷಿಸಿದ್ದು ಮೂರು ಲಕ್ಷ ಚಿಲ್ಲರೆ. ಏರಿಕೆಯಷ್ಟನ್ನೂ ಮಹಾಮಾರಿಯ ತಲೆಗೆ ಕಟ್ಟಲಾಗದು. ನೋಂದಣಿ ಮಾಡಿಸುವ ರೂಢಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ, ಜೊತೆಗೆ 50 ಸಾವಿರ ರೂಪಾಯಿ ಪರಿಹಾರಕ್ಕೆ ಮರಣ ಪ್ರಮಾಣಪತ್ರವೂ ಬೇಕಿತ್ತು. 47 ಲಕ್ಷವೇ ಖಚಿತ ಎಂದು ನಾನು ಪ್ರಮಾಣ ಮಾಡಲಾರೆ, ಅದೊಂದು ಅಂದಾಜು. ಆದರೆ 4.8 ಲಕ್ಷವೇ ಪೂರ್ತಿ ಲೆಕ್ಕ ಎನ್ನುವವರು ಸರ್ಕಾರದ್ದೇ ರಿಜಿಸ್ಟರ್ ತೆಗೆದು ನೋಡಿಲ್ಲ.

ಸಾವಿನ ಲೆಕ್ಕ ಅಂದಾಜಾಗಿಯೇ ಉಳಿಯುವುದು ಹೊಸದಲ್ಲ, ಹಿಂದಿನ ಮಾತು ಕೇಳಿ. 1918ರ ಇನ್‌ಫ್ಲುಯೆಂಜಾ ಬಂದಾಗ ನಮ್ಮ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲಿದ್ದವು. ಭಾರತದಲ್ಲಿ ಸತ್ತವರು 1.2 ಕೋಟಿಯಿಂದ 2 ಕೋಟಿ ಎಂದು ಈಗಲೂ ಬೇರೆ ಬೇರೆ ಅಂದಾಜುಗಳಿವೆ. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹಿಂದಿನದಕ್ಕಿಂತ ಇಳಿದಿತ್ತು, ಮತ್ತೆಂದೂ ಹಾಗಾಗಿಲ್ಲ.

ಪ್ರಶ್ನೆ: ನಮ್ದು ಪಾವರಲೂಮ್ ಮಗ್ಗ. 2020ರಾಗ ತಿಂಗಳಗಟ್ಟಲೆ ನಿಂತ್ವು. ಎರಡು ಮಗ್ಗ ಗುಜರಿಗೆ ಹಾಕಿದ್ವಿ, ಹೆಂಡ್ತಿ ಬಂಗಾರ ಇನ್ನೂ ಒತ್ತಿಯೊಳಗ ಐತಿ. ಜಿಡಿಪಿ ಶೇ 7.3 ಬಿತ್ತು ಅಂದ್ರು, ಆಮೇಲೆ 5.8 ಅಷ್ಟ ಅಂದ್ರು. ನಮ್ಮ ನಷ್ಟ ಅದರಾಗ ಎಲ್ಲಿ ಐತ್ರಿ?
– ಓದುಗರು, ಬನಹಟ್ಟಿ

ಉತ್ತರ: ಅರ್ಧಂಬರ್ಧ ಇದೆ, ಉಳಿದದ್ದು ಇಲ್ಲವೇ ಇಲ್ಲ. ಅಂಕಿ ಬದಲಾದದ್ದರಲ್ಲಿ ಕೈಚಳಕ ಹುಡುಕಬೇಡಿ. ಮೊದಲ ಅಂದಾಜು ಕೈಗೆ ಸಿಕ್ಕ ಮಾಹಿತಿಯಿಂದ ಮಾಡುವುದು, ಕಂಪನಿಗಳ ಲೆಕ್ಕಪತ್ರ ಪೂರ್ತಿ ಬಂದ ಮೇಲೆ ತಿದ್ದುವುದು ರೂಢಿ. ತಕರಾರು ಬೇರೆ ಕಡೆ ಇದೆ. ನಿಮ್ಮಂಥ ಅಸಂಘಟಿತ ಉದ್ಯಮದಿಂದ ಆಗ ಮೂರು ತಿಂಗಳಿಗೊಮ್ಮೆ ಯಾರೂ ಲೆಕ್ಕ ತರಿಸುತ್ತಿರಲಿಲ್ಲ. ದೊಡ್ಡ ಕಂಪನಿಗಳ ಏರಿಳಿತ ನೋಡಿ, ಸಣ್ಣವರದ್ದೂ ಹೆಚ್ಚುಕಡಿಮೆ ಹಾಗೇ ಇದ್ದೀತು ಎಂದು ಹಿಡಿಯುತ್ತಿದ್ದುದೇ ಹೆಚ್ಚು. ಎಂದಿನ ವರ್ಷಗಳಲ್ಲಿ ಅದು ನಡೆಯುತ್ತದೆ. 2020ರಲ್ಲಿ ದೊಡ್ಡವರು ಬೇಗ ಎದ್ದು ನಿಂತರು, ಬನಹಟ್ಟಿಯ ಮಗ್ಗಗಳಿಗೆ ನೂಲೂ ಬರಲಿಲ್ಲ, ಸೀರೆ ಒಯ್ಯುವ ವ್ಯಾಪಾರಿಯೂ ಬರಲಿಲ್ಲ. ಇಬ್ಬರನ್ನೂ ಒಂದೇ ಕೋಲಿನಲ್ಲಿ ಅಳೆದರೆ ನಿಮ್ಮ ನಷ್ಟ ಕಡಿಮೆ ಕಾಣುತ್ತದೆ.

ಜಿಡಿಪಿ ಆ ವರ್ಷ ಏನು ತಯಾರಾಯಿತು ಎಂದಷ್ಟೇ ಕೇಳುತ್ತದೆ. ನೀವು ಗುಜರಿಗೆ ಹಾಕಿದ ಮಗ್ಗ, ಒತ್ತಿ ಇಟ್ಟ ಬಂಗಾರ ಅದಕ್ಕೆ ಕಾಣುವುದಿಲ್ಲ. ಆ ಮಗ್ಗಗಳು ಮುಂದಿನ ಹತ್ತು ವರ್ಷ ನೇಯಬೇಕಾಗಿದ್ದ ಸೀರೆಗಳ ಮಜೂರಿ ಈ ವರ್ಷದ ಕಾಲಂನಲ್ಲಿ ಬರುವುದಾದರೂ ಹೇಗೆ? ವಿಜಯಪುರದ ದ್ರಾಕ್ಷಿಯದೂ ಇಂಥದೇ ಕಥೆ. ಕಟಾವಿನ ಹೊತ್ತಿಗೆ ಸರಿಯಾಗಿ ಲಾಕ್‌ಡೌನ್ ಬಂತು, ಒಣದ್ರಾಕ್ಷಿ ಮಾಡುವ ಅನುಕೂಲ ಇದ್ದವರು ಒಣಗಿಸಿ ಉಳಿಸಿಕೊಂಡರು, ಉಳಿದವರು ಸಿಕ್ಕ ಬೆಲೆಗೆ ಕೊಟ್ಟರು. ಆದರೆ 2020ರ ಏಪ್ರಿಲ್–ಜೂನ್‌ನಲ್ಲಿ ಒಟ್ಟು ಜಿಡಿಪಿ ಶೇ 23.9 ಕುಸಿಯಿತು ಎಂದ ಮೊದಲ ಅಂದಾಜಿನಲ್ಲೇ ಕೃಷಿ ಶೇ 3.4 ಬೆಳೆಯಿತು ಎಂದೂ ಇತ್ತು! ಬೆಳವಣಿಗೆಯ ದರ ಕಟ್ಟುವುದು ಸ್ಥಿರ ಬೆಲೆಯಲ್ಲಿ, ಅಂದರೆ ಹಿಂದಿನ ಒಂದು ವರ್ಷದ ಬೆಲೆಯನ್ನೇ ಹಿಡಿದು. ಎಷ್ಟು ಟನ್ ಬೆಳೆಯಿತು ಎಂಬುದು ಅಲ್ಲಿ ಮುಖ್ಯ, ಮಾರುಕಟ್ಟೆಯಲ್ಲಿ ಬೆಲೆ ಬಿದ್ದು ರೈತ ಮುಳುಗಿದ್ದು ಬೆಳವಣಿಗೆಯ ದರದಲ್ಲಿ ಕಾಣುವುದಿಲ್ಲ.

ನನ್ನ ಕೇಳಿದರೆ ಸಂಕಟ ಅಳೆಯಲು ಉದ್ಯೋಗ ಖಾತ್ರಿಯ ಅಂಕಿ ಹೆಚ್ಚು ಪ್ರಾಮಾಣಿಕ. 2019–20ರಲ್ಲಿ ದೇಶದಲ್ಲಿ 265 ಕೋಟಿ ಮಾನವ ದಿನಗಳ ಕೆಲಸ ಆಗಿತ್ತು. ಮರುವರ್ಷ ಅದು 389 ಕೋಟಿಗೆ ಏರಿತು. ಗೋವಾ, ಪುಣೆಗೆ ದುಡಿಯಲು ಹೋಗಿದ್ದವರು ಊರಿಗೆ ಮರಳಿ ಬದು ಹಾಕಲು ನಿಂತದ್ದು ಇಲ್ಲಿ ಕಾಣುತ್ತದೆ. ಬೇರೆ ದಾರಿ ಇದ್ದವರು ಸುಡುಬಿಸಿಲಿನಲ್ಲಿ ಮಣ್ಣು ಹೊರಲು ಬರುವುದಿಲ್ಲ.

ಇದಿಷ್ಟೂ ರೋಗದ ನಷ್ಟವೋ ಲಾಕ್‌ಡೌನ್ ನಷ್ಟವೋ ಎಂದು ಕೆಲವರು ಜಗಳವಾಡುತ್ತಾರೆ. ಬಂದ್ ಇಲ್ಲದಿದ್ದರೂ ಭಯಕ್ಕೆ ಮದುವೆಗಳು ಮುಂದೆ ಹೋಗುತ್ತಿದ್ದವು, ಸೀರೆ ಕೊಳ್ಳುವವರು ಇರುತ್ತಿರಲಿಲ್ಲ. ಪೂರ್ತಿ ಬೇರ್ಪಡಿಸಲು ಆಗದು.

ಪ್ರಶ್ನೆ: ಸತ್ತವರಲ್ಲಿ ವಯಸ್ಸಾದವರೇ ಹೆಚ್ಚು. ಸರಾಸರಿ ಆಯಸ್ಸೇ 70 ಇರುವಾಗ 72ರವರು ತೀರಿಕೊಂಡರೆ ದೇಶಕ್ಕೆ ನಷ್ಟ ಶೂನ್ಯ ಎಂದು ಕ್ಲಾಸಿನಲ್ಲಿ ವಾದ ನಡೆಯಿತು. ಜೀವಕ್ಕೆ ಬೆಲೆ ಕಟ್ಟುತ್ತಾರೆಯೇ ಸರ್?
– ಅರ್ಥಶಾಸ್ತ್ರ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಮೊದಲು ಆ ವಾದದ ತಪ್ಪು ಹೇಳುತ್ತೇನೆ. 70 ಎಂಬುದು ಈಗ ಹುಟ್ಟುವ ಮಗುವಿನ ಸರಾಸರಿ ಆಯಸ್ಸು. ಎಳೆತನದಲ್ಲೇ ತೀರಿಹೋಗುವವರೂ ಆ ಸರಾಸರಿಯಲ್ಲಿ ಸೇರಿರುತ್ತಾರೆ. ಎಲ್ಲ ಗಂಡಾಂತರ ದಾಟಿ 70 ಮುಟ್ಟಿದವರು ಸರಾಸರಿ ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಬದುಕುತ್ತಾರೆ. ಆದ್ದರಿಂದ 72ರ ಅಜ್ಜ ಹೋದರೂ ವರ್ಷಗಳೇ ಹೋಗುತ್ತವೆ. ಹೀಗೆ ಪ್ರತಿ ಸಾವಿಗೂ ಉಳಿದಿದ್ದ ಆಯಸ್ಸನ್ನು ಕೂಡಿಸಿ, ಕಾಯಿಲೆಯಿಂದ ನರಳಿದ ಕಾಲವನ್ನೂ ತೂಕ ಹಾಕಿ ಸೇರಿಸುವ ಪದ್ಧತಿಯನ್ನು ವಿಶ್ವಬ್ಯಾಂಕಿನ 1993ರ ವರದಿ ಬಳಕೆಗೆ ತಂದಿತು.

ರೂಪಾಯಿ ಲೆಕ್ಕವೂ ಇದೆ. ಡೇವಿಡ್ ಕಟ್ಲರ್ ಮತ್ತು ಲಾರೆನ್ಸ್ ಸಮ್ಮರ್ಸ್ ಎಂಬ ಅರ್ಥಶಾಸ್ತ್ರಜ್ಞರು 2020ರ ಅಕ್ಟೋಬರ್‌ನಲ್ಲಿ ಕೋವಿಡ್‌ನಿಂದ ಅಮೆರಿಕಕ್ಕೆ ಆಗುವ ಹಾನಿ 16 ಲಕ್ಷ ಕೋಟಿ ಡಾಲರ್ ಎಂದು ಅಂದಾಜಿಸಿದರು. ಉತ್ಪಾದನೆಯ ನಷ್ಟ ಅದರಲ್ಲಿ ಅರ್ಧದಷ್ಟೂ ಇಲ್ಲ. ಉಳಿದದ್ದು ಸಾವು, ದೀರ್ಘಕಾಲದ ಅನಾರೋಗ್ಯ, ಮಾನಸಿಕ ಸಂಕಟಕ್ಕೆ ಕಟ್ಟಿದ ಬೆಲೆ. ಒಂದು ಜೀವಕ್ಕೆ ಅವರು ಹಿಡಿದದ್ದು 70 ಲಕ್ಷ ಡಾಲರ್. ಅಪಾಯ ಕಡಿಮೆ ಮಾಡಿಕೊಳ್ಳಲು ಜನ ಎಷ್ಟು ದುಡ್ಡು ಬಿಡಲು ತಯಾರಿದ್ದಾರೆ ಎಂಬುದರಿಂದ ಇಂಥ ಬೆಲೆ ಹುಟ್ಟುತ್ತದೆ. ಬಜೆಟ್ ಸಭೆಯಲ್ಲಿ ಲಸಿಕೆಗೆ ಹಣ ಕೇಳಲು ಇದು ಒಳ್ಳೆಯ ಆಯುಧ. ಆದರೆ ಈ ಲೆಕ್ಕದಲ್ಲಿ ಬಸವನಬಾಗೇವಾಡಿಯ ಕೂಲಿಯವನ ಜೀವ ಬೆಂಗಳೂರಿನ ಎಂಜಿನಿಯರನ ಜೀವಕ್ಕಿಂತ ಅಗ್ಗವಾಗುತ್ತದೆ, ಅವನಲ್ಲಿ ಬಿಡಲು ದುಡ್ಡೇ ಇಲ್ಲವಲ್ಲ. ಆದ್ದರಿಂದ ಜೀವದ ಲೆಕ್ಕವನ್ನು ವರ್ಷಗಳಲ್ಲಿ, ದುಡ್ಡಿನ ಲೆಕ್ಕವನ್ನು ರೂಪಾಯಿಯಲ್ಲಿ ಬೇರೆ ಬೇರೆ ಇಡುವುದೇ ವಾಸಿ ಎಂಬ ಪಕ್ಷ ನನ್ನದು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. 2020ರಾಗ ನಮ್ಮ ಕಡೆ ಟಿಬಿ ಕೇಸ್ ಕಡಿಮೆ ಬಂದ್ವು. ಮಾಸ್ಕ್ ಹಾಕಿದ್ದಕ್ಕ ಇಳೀತೇನ್ರಿ?
– ಬಾಗಲಕೋಟೆ ತಾಲ್ಲೂಕು

ಉತ್ತರ: ಮಾಸ್ಕ್ ಅಲ್ಪಸ್ವಲ್ಪ ತಡೆದಿರಬಹುದು, ಆದರೆ ಇಳಿಕೆಗೆ ಮುಖ್ಯ ಕಾರಣ ಅದಲ್ಲ. ದೇಶದಲ್ಲಿ 2019ರಲ್ಲಿ 24 ಲಕ್ಷ ಕ್ಷಯ ರೋಗಿಗಳು ಪತ್ತೆಯಾಗಿದ್ದರು, 2020ರಲ್ಲಿ 18 ಲಕ್ಷ. ರೋಗಿಗಳು ಮನೆಯಲ್ಲೇ ಉಳಿದರು, ಕಫ ಪರೀಕ್ಷೆ ಮಾಡುವವರು ಕೋವಿಡ್ ಟೆಸ್ಟ್‌ಗೆ ಹೋದರು, ನಿಮ್ಮನ್ನೂ ಕ್ವಾರಂಟೈನ್ ಮನೆಗಳ ಕಾವಲಿಗೆ ಹಚ್ಚಿದರು. 2022ರಲ್ಲಿ ಪತ್ತೆಯಾದವರು ಮತ್ತೆ 24 ಲಕ್ಷ ದಾಟಿದರು. ನಡುವೆ ತಪ್ಪಿಹೋದವರು ಔಷಧ ಇಲ್ಲದೆ ಕೆಮ್ಮುತ್ತ ಮನೆಯವರಿಗೂ ಅಂಟಿಸಿರುತ್ತಾರೆ. ನಿಮ್ಮ ರಿಜಿಸ್ಟರಿನಲ್ಲಿ 2021 ಮತ್ತು 2022ರಲ್ಲಿ ಪತ್ತೆಯಾದವರ ಮನೆಗಳಿಗೆ ಇನ್ನೊಮ್ಮೆ ಹೋಗಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮುತ್ತಿರುವವರು ಆ ಮನೆಗಳಲ್ಲಿ ಯಾರಾದರೂ ಇದ್ದರೆ ಕಫ ಕಳಿಸಿ.