ಡೊಮೇನ್, ರೇಂಜ್, ಝೀರೊ: ಯಾವ ಪದ ಯಾವ ಅಕ್ಷದ್ದು?

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ರಥಮ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ್ದೇನೆ. ಗಣಿತದ ಎರಡನೇ ಅಧ್ಯಾಯದಲ್ಲೇ ಡೊಮೇನ್, ಕೋಡೊಮೇನ್, ರೇಂಜ್, ಇಮೇಜ್ ಎಂಬ ಪದಗಳು ಒಂದರ ಹಿಂದೊಂದು ಬಂದಿವೆ. ವ್ಯಾಖ್ಯೆಗಳು ಬಾಯಿಪಾಠವಾಗಿವೆ. ಆದರೆ ಗ್ರಾಫ್ ಕೊಟ್ಟು ಕೇಳಿದರೆ ಯಾವುದನ್ನು ಎಲ್ಲಿ ನೋಡಬೇಕೆಂದೇ ತಿಳಿಯುವುದಿಲ್ಲ.

ಉತ್ತರ: ಈ ಪದಗಳಲ್ಲಿ ಕೆಲವು ನಿಮಗೆ ಹೊಸವಲ್ಲ. ಹತ್ತನೇ ತರಗತಿಯ ಶೂನ್ಯತೆಯೇ ಇಲ್ಲಿನ ಝೀರೊ, ಪರವಲಯವೇ ಪ್ಯಾರಾಬೊಲಾ, ನಕ್ಷೆಯೇ ಗ್ರಾಫ್. ನಿಜಕ್ಕೂ ಹೊಸದು ಫಂಕ್ಷನ್ ಎಂಬ ಕಲ್ಪನೆ. ಅದು ಗಟ್ಟಿಯಾದರೆ ಉಳಿದ ಪದಗಳು ಅದಕ್ಕೇ ಜೋತು ಬರುತ್ತವೆ.

ಬೆಂಗಳೂರಿನ ಆಟೊ ಬಾಡಿಗೆಯನ್ನೇ ತೆಗೆದುಕೊಳ್ಳಿ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಅಲ್ಲಿಂದ ಮುಂದೆ ಕಿ.ಮೀ.ಗೆ 18 ರೂಪಾಯಿ. ಕಾಯುವ ದರ, ರಾತ್ರಿ ದರ, ಮೀಟರ್ ಹಂತಹಂತವಾಗಿ ಏರುವುದು ಇವನ್ನೆಲ್ಲ ಸದ್ಯಕ್ಕೆ ಬಿಡೋಣ. ದೂರ ಎಕ್ಸ್, ಬಾಡಿಗೆ ವೈ. 5 ಕಿ.ಮೀ.ಗೆ 36 + 18 × 3 = 90 ರೂಪಾಯಿ. ಒಂದು ದೂರಕ್ಕೆ ಒಂದೇ ಬಾಡಿಗೆ, ಎರಡಿಲ್ಲ. ಇದೇ ಫಂಕ್ಷನ್. 90 ಎಂಬುದು 5ರ ಇಮೇಜ್.

ಯಾವ ಯಾವ ದೂರ ಹಾಕಬಹುದು? ಸೊನ್ನೆಗಿಂತ ಹೆಚ್ಚಿನದು ಯಾವುದಾದರೂ ಸರಿ, ಅದು ಡೊಮೇನ್. ಯಾವ ಯಾವ ಬಾಡಿಗೆ ಬರುತ್ತದೆ? 36 ಮತ್ತು ಅದಕ್ಕಿಂತ ಮೇಲಿನದೆಲ್ಲ, ಅದು ರೇಂಜ್. ಕೋಡೊಮೇನ್ ಎಂದರೆ ಉತ್ತರಗಳು ಯಾವ ಗಣದೊಳಗೆ ಇರುತ್ತವೆ ಎಂದು ನಾವೇ ಮೊದಲು ಗೊತ್ತುಮಾಡಿಕೊಂಡದ್ದು. ವಾಸ್ತವ ಸಂಖ್ಯೆಗಳೆಲ್ಲ ಎಂದು ಬರೆದರೆ 20 ಕೂಡ ಅದರೊಳಗೆ ಬರುತ್ತದೆ. ಆದರೆ 20 ರೂಪಾಯಿ ಬಾಡಿಗೆ ಎಂದೂ ಆಗುವುದಿಲ್ಲವಾದ್ದರಿಂದ ರೇಂಜ್‌ನಲ್ಲಿ ಅದಕ್ಕೆ ಜಾಗವಿಲ್ಲ.

ಹೆಚ್ಚಿನವರು ಎಡವುವ ಜಾಗ ಒಂದಿದೆ. 1 ಕಿ.ಮೀ.ಗೂ 36, ಒಂದೂವರೆ ಕಿ.ಮೀ.ಗೂ 36. ಹೀಗಾದರೆ ಫಂಕ್ಷನ್ ಅಲ್ಲ ಎಂದು ಬರೆದುಬಿಡುತ್ತಾರೆ. ತಪ್ಪು. ಎರಡು ಇನ್‌ಪುಟ್‌ಗೆ ಒಂದೇ ಔಟ್‌ಪುಟ್ ಬರಬಹುದು. ಒಂದೇ ಇನ್‌ಪುಟ್‌ಗೆ ಎರಡು ಔಟ್‌ಪುಟ್ ಬರಕೂಡದು, ಅಷ್ಟೇ. ಇದು ಫಂಕ್ಷನ್ ಹೌದು, ಒನ್-ಒನ್ (ಬೇರೆ ಬೇರೆ ಇನ್‌ಪುಟ್‌ಗೆ ಬೇರೆ ಬೇರೆ ಔಟ್‌ಪುಟ್) ಮಾತ್ರ ಅಲ್ಲ. ಆದ್ದರಿಂದಲೇ ಇದಕ್ಕೆ ಇನ್ವರ್ಸ್, ಎಂದರೆ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಹಿಂದಿರುಗಿಸುವ ಫಂಕ್ಷನ್, ಇಲ್ಲ: 36 ರೂಪಾಯಿ ಕೊಟ್ಟೆ ಎಂದವರು ಎಷ್ಟು ದೂರ ಹೋದರೆಂದು ಹೇಳುವುದು ಹೇಗೆ?

ಇನ್ನು ಗ್ರಾಫ್. ಯಾವ ಪದ ಕೇಳಿದರೂ, ಉತ್ತರ ಎಕ್ಸ್ ಅಕ್ಷದಲ್ಲಿದೆಯೇ, ವೈ ಅಕ್ಷದಲ್ಲಿದೆಯೇ ಎಂದು ಮೊದಲು ನಿರ್ಧರಿಸಿ. ನಿಮ್ಮ ತೊಡಕು ಬಹುಮಟ್ಟಿಗೆ ಬಿಡಿಸಿಕೊಳ್ಳುವುದು ಇಲ್ಲೇ. ಗ್ರಾಫ್ ಹಾಳೆಯಲ್ಲಿ ಎರಡೂ ಅಕ್ಷಕ್ಕೆ 1 ಸೆಂ.ಮೀ. = 1 ಮಾನ ಇಟ್ಟು ಎಫ್(ಎಕ್ಸ್) (ಎಕ್ಸ್‌ಗೆ ಬರುವ ಔಟ್‌ಪುಟ್, ಎಂದರೆ ವೈ) = ಎಕ್ಸ್² − 4ಎಕ್ಸ್ + 3 ಬರೆಯಿರಿ. ಎಕ್ಸ್‌ಗೆ −1ರಿಂದ 5ರವರೆಗಿನ ಪೂರ್ಣಾಂಕಗಳನ್ನು ಕೊಟ್ಟರೆ ಬೆಲೆಗಳು ಕ್ರಮವಾಗಿ 8, 3, 0, −1, 0, 3, 8. ಬಿಂದುಗಳನ್ನು ಸ್ಕೇಲಿಟ್ಟು ಸೇರಿಸಬೇಡಿ. ಹಾಗೆ ಮಾಡಿದರೆ ತಳದಲ್ಲಿ ಚೂಪಾದ ಮೂಲೆ ಮೂಡುತ್ತದೆ. ಪರವಲಯಕ್ಕೆ ಮೂಲೆಯಿಲ್ಲ, ಕೈಯಲ್ಲೇ ನಯವಾಗಿ ಎಳೆಯಬೇಕು.

ಈಗ ವಕ್ರರೇಖೆಯ ನೆರಳು ನೇರವಾಗಿ ಎಕ್ಸ್ ಅಕ್ಷದ ಮೇಲೆ ಬಿದ್ದಂತೆ ಊಹಿಸಿ. ರೇಖೆ ಎರಡೂ ಬದಿಗೆ ಕೊನೆಯಿಲ್ಲದೆ ಹರಡುವುದರಿಂದ ನೆರಳು ಇಡೀ ಅಕ್ಷವನ್ನು ಮುಚ್ಚುತ್ತದೆ: ಡೊಮೇನ್ ಎಲ್ಲ ವಾಸ್ತವ ಸಂಖ್ಯೆಗಳು. ವೈ ಅಕ್ಷದ ಮೇಲಿನ ನೆರಳು −1ರಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ: ಅದು ರೇಂಜ್. ಝೀರೊಗಳು, ಎಂದರೆ ವೈ ಸೊನ್ನೆಯಾಗುವ ಕಡೆಗಳು, 1 ಮತ್ತು 3; ಇವು ಎಕ್ಸ್‌ನ ಬೆಲೆಗಳು, (1, 0) ಎಂಬ ಬಿಂದುವಲ್ಲ. ಕನಿಷ್ಠ ಬೆಲೆ ಎಷ್ಟು ಎಂದರೆ −1, ಅದು ವೈ. ಕನಿಷ್ಠ ಎಲ್ಲಿ ಎಂದರೆ 2, ಅದು ಎಕ್ಸ್. ಏರಿಕೆ, ಇಳಿಕೆಗಳನ್ನು ಎಡದಿಂದ ಬಲಕ್ಕೆ ಓದಿ ಯಾವಾಗಲೂ ಎಕ್ಸ್‌ನಲ್ಲೇ ಹೇಳಬೇಕು: ಇಲ್ಲಿ 2ರವರೆಗೆ ಇಳಿಕೆ, ಆಮೇಲೆ ಏರಿಕೆ. −1ರಿಂದ ಮೇಲಕ್ಕೆ ಏರಿಕೆ ಎಂದು ವೈ ಬೆಲೆ ಬರೆದು ಅಂಕ ಕಳೆದುಕೊಳ್ಳಬೇಡಿ.

ಗ್ರಾಫ್ ನೋಡಿ ಫಂಕ್ಷನ್ ಹೌದೋ ಅಲ್ಲವೋ ಹೇಳಬೇಕಿದ್ದರೆ, ಸ್ಕೇಲನ್ನು ವೈ ಅಕ್ಷಕ್ಕೆ ಸಮಾಂತರವಾಗಿ ಹಿಡಿದು ಎಡದಿಂದ ಬಲಕ್ಕೆ ಜಾರಿಸಿ. ಎಲ್ಲಾದರೂ ಅದರ ಅಂಚು ರೇಖೆಯನ್ನು ಎರಡು ಕಡೆ ಮುಟ್ಟಿದರೆ ಫಂಕ್ಷನ್ ಅಲ್ಲ. ಎಕ್ಸ್² + ವೈ² = 25 ಎಂಬ ವೃತ್ತದಲ್ಲಿ ಎಕ್ಸ್ = 3 ಆದಾಗ ವೈ 4 ಕೂಡ ಹೌದು, −4 ಕೂಡ ಹೌದು.

ಪ್ರಶ್ನೆ: ಎಫ್(ಎಕ್ಸ್ − 2) ಎಂದರೆ ಗ್ರಾಫ್ ಬಲಕ್ಕೆ ಸರಿಯುತ್ತದೆ ಎಂದಿದೆ. ಕಳೆದರೆ ಎಡಕ್ಕಲ್ಲವೇ ಹೋಗಬೇಕು?

ಉತ್ತರ: ಬೆಲೆ ಹಾಕಿ ನೋಡಿ. ಮೂಲ ಫಂಕ್ಷನ್‌ಗೆ 0ಯಲ್ಲಿ ಇದ್ದ ಬೆಲೆ ಹೊಸದಕ್ಕೆ ಸಿಗಬೇಕಾದರೆ ಎಕ್ಸ್ − 2 = 0 ಆಗಬೇಕು, ಎಂದರೆ ಎಕ್ಸ್ 2 ಆಗಬೇಕು. 0ಯಲ್ಲಿದ್ದ ಬಿಂದು 2ಕ್ಕೆ ಬಂತು, ಬಲಕ್ಕೇ ಸರಿಯಿತು. ಎಫ್(ಎಕ್ಸ್) − 2 ಬೇರೆ ಮಾತು. ಅಲ್ಲಿ ಉತ್ತರ ಬಂದ ಮೇಲೆ ಕಳೆಯುತ್ತೇವೆ, ಹಾಗಾಗಿ ಗ್ರಾಫ್ 2 ಮಾನ ಕೆಳಗಿಳಿಯುತ್ತದೆ. ಅಂದಹಾಗೆ, ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1734ರಲ್ಲಿ ಬಳಕೆಗೆ ತಂದ ಎಫ್(ಎಕ್ಸ್) ಬರಹದ ಆವರಣ ಗುಣಾಕಾರದ ಗುರುತಲ್ಲ. ಅದನ್ನು ಗುಣಾಕಾರವೆಂದು ತಿಳಿದು ಬಿಡಿಸಲು ಹೋಗುವವರೇ ಎಫ್(2 + 3) ಎಂಬುದನ್ನು ಎಫ್(2) + ಎಫ್(3) ಎಂದು ಬರೆಯುತ್ತಾರೆ. ಎಫ್(ಎಕ್ಸ್) = ಎಕ್ಸ್² ಆಗಿದ್ದರೆ ಮೊದಲನೆಯದು 25, ಎರಡನೆಯದು 13.

ಪ್ರಶ್ನೆ: 1/(ಎಕ್ಸ್ − 3) ಮತ್ತು (ಎಕ್ಸ್² − 9)/(ಎಕ್ಸ್ − 3), ಎರಡಕ್ಕೂ ಎಕ್ಸ್ = 3 ಹಾಕಿದರೆ ಕ್ಯಾಲ್ಕ್ಯುಲೇಟರ್ ಎರರ್ ತೋರಿಸುತ್ತದೆ. ಗ್ರಾಫ್‌ಗಳು ಒಂದೇ ಥರ ಇರುತ್ತವೆಯೇ?

ಉತ್ತರ: ಇಲ್ಲ. ಎರಡರ ಡೊಮೇನ್‌ನಲ್ಲೂ 3 ಇಲ್ಲ ಎಂಬುದಷ್ಟೇ ಸಮಾನ. 3.1, 3.01 ಹಾಕಿದರೆ ಮೊದಲನೆಯದು 10, 100 ಎಂದು ಏರುತ್ತದೆ, 2.9, 2.99 ಹಾಕಿದರೆ −10, −100 ಎಂದು ಕುಸಿಯುತ್ತದೆ. ಎಕ್ಸ್ = 3 ಎಂಬ ಗೆರೆಯನ್ನು ರೇಖೆ ಸಮೀಪಿಸುತ್ತಲೇ ಇರುತ್ತದೆ, ಮುಟ್ಟುವುದಿಲ್ಲ; ಆ ಗೆರೆ ಅಸಿಂಪ್ಟೋಟ್. ಎರಡನೆಯದಕ್ಕೆ ಅದೇ ಬೆಲೆಗಳನ್ನು ಹಾಕಿದರೆ 6.1, 6.01, 5.9, 5.99. ಅದರ ಅಂಶ (ಎಕ್ಸ್ − 3)(ಎಕ್ಸ್ + 3) ಆದ್ದರಿಂದ ಹೊಡೆದುಹಾಕಿದರೆ ಎಕ್ಸ್ + 3 ಉಳಿಯುತ್ತದೆ. ಗ್ರಾಫ್ ನೇರ ಗೆರೆಯೇ, (3, 6)ರಲ್ಲಿ ಮಾತ್ರ ಒಂದು ತೂತು. ಆ ಜಾಗದಲ್ಲಿ ತುಂಬದ ಪುಟ್ಟ ವೃತ್ತ ಬರೆಯಿರಿ. ಹೊಡೆದುಹಾಕುವ ಮೊದಲೇ ಡೊಮೇನ್ ಬರೆದಿಟ್ಟುಕೊಂಡಿದ್ದರೆ ಈ ತೂತು ಮರೆತುಹೋಗುವುದಿಲ್ಲ.