ಕ್ರಾಕೋವ್‌ನಲ್ಲಿ ಒಂದೇ ದಿನವಿದ್ದರೆ ಸಂತ ಮೇರಿ ಚರ್ಚಿನ ಮರದ ಬಲಿಪೀಠ ನೋಡಬೇಕೇ?

ಪೋಲೆಂಡಿನ ಕ್ರಾಕೋವ್‌ನಲ್ಲಿ ನಿಮಗಿರುವುದು ಒಂದೇ ದಿನ. ವಾವೆಲ್ ಕೋಟೆ, ಉಪ್ಪಿನ ಗಣಿ, ಸಂತ ಮೇರಿ ಚರ್ಚು, ಇವುಗಳಲ್ಲಿ ಯಾವುದನ್ನು ಬಿಡಬಹುದು, ಕ್ರೈಸ್ತ ಕಥೆಗಳ ಪರಿಚಯವಿಲ್ಲದವರಿಗೆ ಆ ಮರದ ಶಿಲ್ಪ ರುಚಿಸುತ್ತದೆಯೇ ಎಂದು ಕೇಳಿದ್ದೀರಿ. ಗಣಿಯನ್ನು ಬಿಡಿ. ಚರ್ಚನ್ನು ಮಾತ್ರ ಖಂಡಿತ ಬಿಡಬೇಡಿ, ಆದರೆ ಹೊತ್ತು ನೋಡಿಕೊಂಡು ಹೋಗಿ.

ಬಲಿಪೀಠವೆಂದರೆ ಇಲ್ಲಿ ಪೂಜಾವೇದಿಕೆಯ ಹಿಂದೆ ನಿಲ್ಲಿಸಿದ, ಬಾಗಿಲುಗಳಿರುವ ದೊಡ್ಡ ಮರದ ಶಿಲ್ಪಫಲಕ. ಅದರ ಬಾಗಿಲುಗಳು ಬೆಳಿಗ್ಗೆ ಮುಚ್ಚಿರುತ್ತವೆ. ವಾರದ ದಿನಗಳಲ್ಲಿ ಸಾಮಾನ್ಯವಾಗಿ 11.50ಕ್ಕೆ ತೆರೆಯುತ್ತಾರೆ. ಅದಕ್ಕೂ ಸ್ವಲ್ಪ ಮೊದಲೇ ಒಳಗೆ ಸೇರಿಕೊಂಡು ಮುಂದಿನ ಬೆಂಚು ಹಿಡಿಯಿರಿ. ಹೊರಬದಿಯ ಹನ್ನೆರಡು ಉಬ್ಬುಶಿಲ್ಪಗಳನ್ನು ನೋಡುತ್ತಿರುವಾಗಲೇ ಬಾಗಿಲುಗಳು ಸರಿಯುತ್ತವೆ, ಒಳಗಿನ ಚಿನ್ನ ಮತ್ತು ನೀಲಿ ಒಮ್ಮೆಲೇ ಕಣ್ಣು ತುಂಬುತ್ತವೆ. ಮಹಾಮಂಗಳಾರತಿಗೆ ಗರ್ಭಗುಡಿಯ ಪರದೆ ಸರಿದಾಗ ಆಗುವ ರೋಮಾಂಚನವೇ ನನಗೆ ಅಲ್ಲಿಯೂ ಆಯಿತು. ಮಧ್ಯಾಹ್ನ ಬಂದವರಿಗೆ ತೆರೆದ ಬಲಿಪೀಠ ಸಿಗುತ್ತದೆ, ಈ ಕ್ಷಣ ಸಿಗುವುದಿಲ್ಲ.

ಇದನ್ನು ಕೆತ್ತಿದವನು ಜರ್ಮನಿಯ ನ್ಯೂರೆಂಬರ್ಗಿನಿಂದ ಬಂದ ಶಿಲ್ಪಿ ಫೈಟ್ ಸ್ಟೋಸ್. 1477ರಲ್ಲಿ ಆರಂಭಿಸಿ 1489ರಲ್ಲಿ ಮುಗಿಸಿದ. ಹಣ ಕೊಟ್ಟವರು ರಾಜರಲ್ಲ, ಊರಿನ ನಾಗರಿಕರು. ಎತ್ತರ ಸುಮಾರು 13 ಮೀಟರ್, ಅಗಲ 11 ಮೀಟರ್. ಚೌಕಟ್ಟಿಗೆ ಗಟ್ಟಿಯಾದ ಓಕ್, ಮೂರ್ತಿಗಳಿಗೆ ಉಳಿಗೆ ಸುಲಭವಾಗಿ ಒಲಿಯುವ ಲಿಂಡನ್ ಮರ. ನಡುವಿನ ಮೂರ್ತಿಗಳು ಆಳೆತ್ತರಕ್ಕಿಂತಲೂ ದೊಡ್ಡವು.

ಕಥೆ ಗೊತ್ತಿಲ್ಲವೆಂಬ ಅಳುಕು ಬೇಡ. ನಡುವೆ ಇರುವುದು ಒಂದು ಸಾವು. ಏಸುವಿನ ತಾಯಿ ಮರಿಯಮ್ಮ ಶಿಷ್ಯರ ನಡುವೆ ಮಂಡಿಯೂರಿ ಕುಸಿಯುತ್ತಿದ್ದಾಳೆ, ಒಬ್ಬ ಅವಳನ್ನು ಹಿಡಿದುಕೊಂಡಿದ್ದಾನೆ. ಇಷ್ಟು ತಿಳಿದರೆ ಸಾಕು, ಮಿಕ್ಕಿದ್ದನ್ನು ಕೈಗಳು ಹೇಳುತ್ತವೆ. ಅವಳ ಕೈಗಳಲ್ಲಿ ಕಸುವಿಲ್ಲ, ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿವೆ. ಅವಳ ತಲೆಯ ಮೇಲೆಯೇ ಇನ್ನೊಬ್ಬ ಶಿಷ್ಯ ಬೆರಳುಗಳನ್ನು ಹೆಣೆದು ಹಿಸುಕಿಕೊಳ್ಳುತ್ತಿದ್ದಾನೆ. ಏನೂ ಮಾಡಲಾಗದವನ ಸಂಕಟವನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸಿದ ಶಿಲ್ಪವನ್ನು ನಾನು ಕಂಡಿಲ್ಲ. ಮುದುಕರ ಕೈಗಳಲ್ಲಿ ಉಬ್ಬಿದ ನರಗಳು, ಮುಖಗಳಲ್ಲಿ ಸುಕ್ಕುಗಳು. ಸಂತರೆಂದು ಯಾರನ್ನೂ ನಯಗೊಳಿಸಿಲ್ಲ. ಸಂತೆಯಲ್ಲಿ ಕಂಡ ಮುಖಗಳನ್ನೇ ತಂದು ನಿಲ್ಲಿಸಿದಂತಿದೆ. ಸಣ್ಣ ದುರ್ಬೀನು ಇದ್ದರೆ ಮರೆಯದೆ ಒಯ್ಯಿರಿ, ಬೆಂಚಿನಿಂದ ಈ ವಿವರಗಳು ಬರಿಗಣ್ಣಿಗೆ ಪೂರ್ತಿ ಸಿಗುವುದಿಲ್ಲ.

ಇದು ಇಂದು ಅಲ್ಲಿರುವುದೇ ಒಂದು ಭಾಗ್ಯ. 1939ರಲ್ಲಿ ಯುದ್ಧ ಹತ್ತಿರವಾದಾಗ ಪೋಲಿಷರು ಬಲಿಪೀಠವನ್ನು ಬಿಚ್ಚಿ, ದೊಡ್ಡ ಮೂರ್ತಿಗಳನ್ನು ವಿಸ್ತುಲಾ ನದಿಯ ಮೂಲಕ ಸಾಂಡೊಮಿಯೆಜ್‌ಗೆ ಸಾಗಿಸಿ ಬಚ್ಚಿಟ್ಟರು. ನಾಜಿಗಳು ಅದನ್ನು ಪತ್ತೆಹಚ್ಚಿ ಜರ್ಮನಿಗೆ ಕೊಂಡೊಯ್ದರು. ಯುದ್ಧ ಮುಗಿದ ಮೇಲೆ ಅದು ನ್ಯೂರೆಂಬರ್ಗಿನಲ್ಲಿ ಸಿಕ್ಕಿತು, ಕಲಾ ಇತಿಹಾಸಕಾರ ಕರೋಲ್ ಎಸ್ಟ್ರೈಕರ್ ಅವರ ಪ್ರಯತ್ನದಿಂದ 1946ರಲ್ಲಿ ಕ್ರಾಕೋವ್‌ಗೆ ಮರಳಿತು. ಚರ್ಚಿನೊಳಗೆ ಮತ್ತೆ ನಿಂತದ್ದು 1957ರಲ್ಲಿ. ಈಚಿನ ದೊಡ್ಡ ಸಂರಕ್ಷಣಾ ಕೆಲಸ 2021ರಲ್ಲಿ ಮುಗಿದಿದೆ, ಆದ್ದರಿಂದ ಬಣ್ಣಗಳು ಈಗ ಬಹಳ ಚೆನ್ನಾಗಿ ಕಾಣುತ್ತವೆ.

ಪ್ರವಾಸಿಗರಿಗೆ ಪಕ್ಕದ ಬಾಗಿಲಿನಿಂದ ಪ್ರವೇಶ, ಟಿಕೆಟ್ಟನ್ನು ಮೊದಲೇ ಕೊಳ್ಳಬೇಕು. ಮುಖ್ಯದ್ವಾರ ಪ್ರಾರ್ಥನೆಗೆ ಬರುವವರದು, ಫೋಟೋ ತೆಗೆಯಲೆಂದು ಅಲ್ಲಿಂದ ನುಗ್ಗುವುದು ಸರಿಯಲ್ಲ. ಭಾನುವಾರ ಮತ್ತು ಹಬ್ಬದ ದಿನಗಳ ವೇಳಾಪಟ್ಟಿ ಬೇರೆ, ಹೊರಡುವ ಮುನ್ನ ಚರ್ಚಿನ ಜಾಲತಾಣ ನೋಡಿಕೊಳ್ಳಿ. ಹೊರಬರುವ ಮುನ್ನ ದಕ್ಷಿಣದ ಪಡಸಾಲೆಯಲ್ಲಿ ಸ್ಟೋಸ್ ಕಲ್ಲಿನಲ್ಲಿ ಕಡೆದ ಶಿಲುಬೆಗೂ ಐದು ನಿಮಿಷ ಕೊಡಿ. ಅದರ ಮುಂದೆ ಜನ ನಿಲ್ಲುವುದು ಕಡಿಮೆ, ನೆಮ್ಮದಿಯಿಂದ ನೋಡಬಹುದು.